ಭರಮಣ್ಣ ಮತ್ತು ಒಂಟಿ ಸೀನು

ಮಕ್ಕಳೇ, ಒಂದೇ ಒಂದು ಸೀನಿಗೆ ಹೆದರಿ ಬಸ್ಸು ತಪ್ಪಿಸಿಕೊಂಡವನು ನಾನು. ಹಾಗಾಗಿ ಈ ಕತೆ ಹೇಳುವ ಯೋಗ್ಯತೆ ನನಗೆ ಧಾರಾಳವಾಗಿದೆ.

ಕಾಡಿನಂಚಿನ ಹೊಂಡವೊಂದರಲ್ಲಿ ಭರಮಣ್ಣನೆಂಬ ಆಮೆ ಇದ್ದ. ಶಕುನ ನೋಡದೆ ಕತ್ತು ಕೂಡ ಹೊರಗೆ ಹಾಕದ ಮಹಾನುಭಾವ! ಒಂದು ಬೇಸಿಗೆಯಲ್ಲಿ ಹೊಂಡ ಬತ್ತತೊಡಗಿತು. ಕಪ್ಪೆಗಳು, ಕೊಕ್ಕರೆಗಳು ಜಾಗ ಖಾಲಿ ಮಾಡಿದವು. ದಿಬ್ಬದಾಚೆ ತುಂಬಿದ ಕೆರೆಯಿತ್ತು. ಆಮೆಯ ನಡಿಗೆಗೆ ಎರಡು ದಿನದ ದಾರಿ.

ದಾರಿ ತೋರಿಸಲು ನೆರೆಯ ಮೊಲ ಸಿಂಗಾರಕ್ಕ ಬಂದಳು. ಪಾಪ, ಅವಳಿಗೆ ನೆಗಡಿ.

ಹತ್ತು ಹೆಜ್ಜೆ ಇಡುವಷ್ಟರಲ್ಲಿ, "ಆಕ್ಷೀ!"

"ಅಯ್ಯೋ, ಒಂಟಿ ಸೀನು! ಇನ್ನೊಂದು ಸೀನಿಬಿಡಕ್ಕ. ಜೋಡಿಯಾದರೆ ಶುಭ."

"ಬರ್ತಿಲ್ಲ ಭರಮಣ್ಣ. ನನ್ನ ಮೂಗೇನು ನಿನ್ನ ಮನೆಯ ಆಳಾ?"

"ಹಾಗಾದರೆ ವಾಪಸ್ ಹೋಗಿ, ಕೂತು, ಒಂದು ಗುಟುಕು ನೀರು ಕುಡಿದೇ ಹೊರಡಬೇಕು."

ಹೋದ, ಕೂತ, ಕುಡಿದ, ಹೊರಟ. ಮಧ್ಯಾಹ್ನ ಮತ್ತೊಂದು ಸೀನು. ಮತ್ತೆ ವಾಪಸ್. ಈಗ ಹೊಂಡದಲ್ಲಿ ಉಳಿದಿದ್ದದ್ದು ಬೊಗಸೆ ನೀರು. ಅದರಲ್ಲೇ ಒಂದು ಗುಟುಕು ಕುಡಿದ.

ಮೂರನೆಯ ಸಲ ಸಿಂಗಾರಕ್ಕ ಮೂಗು ಹಿಡಿದುಕೊಂಡೇ ನಡೆದಳು. ಎರಡು ದಿನ ಕಳೆಯಿತು. ದಿಬ್ಬ ಇಳಿದರು. ಕೆರೆಯ ತಂಪು ಗಾಳಿ ಮುಖಕ್ಕೆ ತಾಗಿತು. ಇನ್ನು ಇಪ್ಪತ್ತೇ ಹೆಜ್ಜೆ.

"ಆಕ್ಷೀ!"

ಭರಮಣ್ಣ ನಿಂತುಬಿಟ್ಟ.

"ತಪ್ಪಾಯ್ತು ಮಾರಾಯ! ನೀರು ತಾನೇ ಬೇಕು? ಅಗೋ, ಕೆರೆ ತುಂಬ ಇದೆ, ಕುಡಿ!" ಎಂದು ಸಿಂಗಾರಕ್ಕ ಅಂಗಲಾಚಿದಳು.

"ಹೊರಟ ಮನೆಯ ನೀರೇ ಆಗಬೇಕು. ಶಾಸ್ತ್ರ ಗೊತ್ತಿಲ್ಲದಿದ್ದರೆ ಸುಮ್ಮನಿರಕ್ಕ."

ಅವಳು ಬೈದಳು, ಅತ್ತಳು, ಅಡ್ಡ ಮಲಗಿದಳು. ಅವನು ಅವಳನ್ನು ಸುತ್ತುಹಾಕಿ ವಾಪಸ್ ಹೊರಟ. ಇಂಥ ನಿಷ್ಠೆಗೆ ನಾವೆಲ್ಲ ಕೈಮುಗಿಯಬೇಕು, ದೂರದಿಂದ.

ಎರಡು ದಿನ ಬಿಸಿಲಲ್ಲಿ ತೆವಳಿ ಮನೆ ಸೇರಿದ. ಹೊಂಡದಲ್ಲಿ ನೀರಿನ ಹೆಸರೇ ಇರಲಿಲ್ಲ, ಬಿರುಕು ಬಿಟ್ಟ ಕೆಸರಷ್ಟೇ. ಶಾಸ್ತ್ರದಂತೆ ಕೂತ. ಕುಡಿಯಲು ಏನೂ ಇಲ್ಲ, ಕುಡಿಯದೆ ಹೊರಡುವಂತಿಲ್ಲ. ಒಂದು ಹಗಲು ಹಾಗೇ ಕಳೆಯಿತು. ಜೊತೆ ಬಿಡದ ಸಿಂಗಾರಕ್ಕ ಪಕ್ಕದಲ್ಲೇ ಇದ್ದಳು.

ಆಗ ಒಣ ಧೂಳೆದ್ದು ಭರಮಣ್ಣನ ಮೂಗಿಗೇ ಹೊಕ್ಕಿತು.

"ಆಕ್ಷೀ! ಆಕ್ಷೀ!"

"ಜೋಡಿ ಸೀನು!" ಅವನ ಕಣ್ಣು ಅರಳಿತು. "ಶುಭ ಶಕುನ ಸಿಂಗಾರಕ್ಕ, ನಡಿ ಹೊರಡೋಣ!"

ಹೆಜ್ಜೆ ಎತ್ತಲು ನೋಡಿದ. ಕಾಲು ಮೇಲೇಳಲಿಲ್ಲ. ಮತ್ತೆಂದೂ ಏಳಲಿಲ್ಲ.

ನೀತಿ: ಇನ್ನೊಬ್ಬರ ನೆಗಡಿಗೆ ಬೆದರಿ ಹಿಂದೆ ತಿರುಗುವವನಿಗೆ, ಶುಭ ಶಕುನ ಬಂದಾಗ ನಡೆಯಲು ಕಾಲಿನಲ್ಲಿ ಶಕ್ತಿ ಉಳಿದಿರುವುದಿಲ್ಲ.