ಕಣ್ಣಿಲ್ಲದ ನವಿಲು

ಪುಟ್ಟರಂಗಮ್ಮ ಹಾಕಿದ ಹಚ್ಚೆ ಮೂವತ್ತು ವರ್ಷವಾದರೂ ಹರಡುತ್ತಿರಲಿಲ್ಲ. ಬೇರೆಯವರು ಹಾಕಿದ ಗುಲಾಬಿ ನಾಲ್ಕೇ ವರ್ಷಕ್ಕೆ ಹೂಕೋಸಿನಂತೆ ಕಾಣುತ್ತಿತ್ತು. ಆಕೆ ಹಾಕಿದ ಗುಲಾಬಿಯ ಎಸಳನ್ನು ಮುದುಕಿಯರ ಸುಕ್ಕುಗಳ ನಡುವೆಯೂ ಎಣಿಸಬಹುದಿತ್ತು. ಬಸ್ ನಿಲ್ದಾಣದ ಹಿಂದಿನ ಬಳೆ ಅಂಗಡಿಗಳ ಬೀದಿಯಲ್ಲಿದ್ದ ಆಕೆಯ ಪುಟ್ಟ ಅಂಗಡಿಗೆ ಸುತ್ತಲ ಊರುಗಳಿಂದೆಲ್ಲ ಜನ ಬರುತ್ತಿದ್ದರು. ಹೋಗುವಾಗ ಎಲ್ಲರದೂ ಒಂದೇ ಮಾತು: "ಅಜ್ಜಿ ಹತ್ತಿರ ಏನೋ ಗುಟ್ಟಿದೆ."

ಆ ಗುಟ್ಟು ತಿಳಿಯಬೇಕೆಂದೇ ದಾಕ್ಷಾಯಿಣಿ ಎಂಬ ಹುಡುಗಿ ಆಕೆಯ ಬಳಿ ಶಿಷ್ಯೆಯಾಗಿ ಸೇರಿದಳು. ಅವಳ ಅಮ್ಮ ಅದೇ ಊರಿನಲ್ಲಿ ದೋಸೆ ಹೋಟೆಲು ನಡೆಸುತ್ತಿದ್ದಳು. ದಾಕ್ಷಾಯಿಣಿಗೆ ಚಿತ್ರ ಬರೆಯುವ ಕೈ ಚೆನ್ನಾಗಿತ್ತು. ತಾಳ್ಮೆ ಮಾತ್ರ ಅಷ್ಟಕ್ಕಷ್ಟೆ.

ಅಜ್ಜಿ ಒಂದು ಷರತ್ತು ಹಾಕಿದಳು. "ಒಂದು ವರ್ಷ ನೋಡು. ನನ್ನ ಗೆರೆ ಯಾಕೆ ಹರಡಲ್ಲ ಅಂತ ನೀನೇ ಕಂಡುಹಿಡಿ. ಹಿಡಿದರೆ ನನ್ನ ಕುರ್ಚಿ ನಿಂದು. ಇಲ್ಲದಿದ್ದರೆ ನಿಮ್ಮಮ್ಮನ ಕಾವಲಿ ಇದ್ದೇ ಇದೆ."

"ಆರು ತಿಂಗಳು ಸಾಕು ಅಜ್ಜಿ."

"ಹೌದಾ? ಮೊದಲು ಹೋಗಿ ಕೈ ತೊಳ್ಕೊಂಡು ಬಾ."

ದಾಕ್ಷಾಯಿಣಿ ಕಣ್ಣು ಬಿಟ್ಟುಕೊಂಡು ನೋಡತೊಡಗಿದಳು. ಬಣ್ಣದಲ್ಲಿ ಗುಟ್ಟಿರಲಿಲ್ಲ. ಅದು ಎಲ್ಲರಿಗೂ ಸಿಗುವ, ಸೀಲು ಹಾಕಿದ ಬಾಟಲಿಯ ಬಣ್ಣ. ಒಬ್ಬೊಬ್ಬರಿಗೂ ಬೇರೆ ಬೇರೆ ಪುಟ್ಟ ಬಟ್ಟಲಿಗೆ ನಾಲ್ಕು ಹನಿ, ಮಿಕ್ಕಿದ್ದು ಕಸಕ್ಕೆ. ಕೈಯಲ್ಲೂ ಗುಟ್ಟಿರಲಿಲ್ಲ. ಅಜ್ಜಿಗಿಂತ ನೆಟ್ಟಗೆ ಗೆರೆ ಎಳೆಯುವವರು ಆ ಬೀದಿಯಲ್ಲೇ ಇಬ್ಬರಿದ್ದರು.

ಬಂದವರೆಲ್ಲರಿಗೂ ಅಜ್ಜಿ ಹಚ್ಚೆ ಹಾಕುತ್ತಲೂ ಇರಲಿಲ್ಲ. ಕುಡಿದು ಬಂದವನನ್ನು ಬಾಗಿಲಿನಿಂದಲೇ ಕಳಿಸಿದಳು. ಕೈತುಂಬ ತುರಿಕೆಯ ಗುಳ್ಳೆಯಿದ್ದವಳಿಗೆ, "ಮೊದಲು ಡಾಕ್ಟ್ರಿಗೆ ತೋರಿಸಿ ಬಾ" ಅಂದಳು. ಹದಿನಾರರ ಹುಡುಗಿಯೊಬ್ಬಳು ಯಾವುದೋ ಹೆಸರು ಹಾಕಿಸಿಕೊಳ್ಳಬೇಕೆಂದು ಅತ್ತಾಗ, "ಹದಿನೆಂಟು ಆಗಲಿ. ಆಗಲೂ ಇದೇ ಹೆಸರು ಇದ್ದರೆ ನೋಡೋಣ" ಅಂದಳು. ಹುಡುಗಿ ಮತ್ತೆ ಬರಲಿಲ್ಲ. ಹೆಸರು ಬದಲಾಗಿರಬೇಕು.

ಆದರೆ ಮೂರು ಸಂಗತಿಗಳು ದಾಕ್ಷಾಯಿಣಿಯ ತಲೆ ಕೊರೆದವು. ಸೂಜಿಯ ಕವರನ್ನು ಅಜ್ಜಿ ತಾನು ಎಂದೂ ಹರಿಯುತ್ತಿರಲಿಲ್ಲ. "ನೀನೇ ಹರಿ" ಎಂದು ಹಚ್ಚೆ ಹಾಕಿಸಿಕೊಳ್ಳುವವರ ಕೈಗೇ ಕೊಡುತ್ತಿದ್ದಳು. ಇನ್ನೊಂದು, ಕೆಲಸ ಮುಗಿದ ಮೇಲೆ ಆ ಸೂಜಿಯನ್ನು ಬೀಗ ಹಾಕಿದ ತಗಡಿನ ಪೆಟ್ಟಿಗೆಯೊಳಕ್ಕೆ, ಮುಚ್ಚಳದ ತೂತಿನಿಂದ ಟಿಣ್ಣೆಂದು ಬೀಳಿಸುತ್ತಿದ್ದಳು. ಶನಿವಾರ ಬಂದರೆ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಎಲ್ಲಿಗೋ ಹೋಗಿಬರುತ್ತಿದ್ದಳು. ಎಲ್ಲಕ್ಕಿಂತ ವಿಚಿತ್ರವೆಂದರೆ, ಯಾವ ಹಚ್ಚೆಯನ್ನೂ ಆಕೆ ಪೂರ್ತಿ ಮಾಡುತ್ತಿರಲಿಲ್ಲ. ಒಂದು ಚುಕ್ಕೆ ಬಿಟ್ಟುಬಿಡುತ್ತಿದ್ದಳು. "ತಿಂಗಳು ಬಿಟ್ಟು ಬಾ, ಇಡ್ತೀನಿ" ಅನ್ನುತ್ತಿದ್ದಳು. ಪಾಪ, ವಯಸ್ಸಾಯಿತು, ಮರೆವು ಎಂದು ದಾಕ್ಷಾಯಿಣಿ ಚುಕ್ಕೆಯ ವಿಷಯ ಅಲ್ಲಿಗೇ ಬಿಟ್ಟಳು. ಅವಳ ಕಣ್ಣೆಲ್ಲ ಪೆಟ್ಟಿಗೆಯ ಮೇಲೆ.

ವರ್ಷ ತುಂಬಲು ಒಂದೇ ವಾರ ಉಳಿದಿತ್ತು. ಹೋಟೆಲಿನಲ್ಲಿ ಅಮ್ಮ ದೋಸೆ ಹೊಯ್ಯುವುದನ್ನು ನೋಡುತ್ತ ಕೂತಿದ್ದಾಗ ದಾಕ್ಷಾಯಿಣಿಗೆ ಥಟ್ಟನೆ ಹೊಳೆಯಿತು. ಹೊಸ ಕಾವಲಿಯಲ್ಲಿ ದೋಸೆ ಅಂಟುತ್ತದೆ. ಸಾವಿರ ದೋಸೆ ಕಂಡ ಕಾವಲಿಯಲ್ಲಿ ತಾನಾಗೇ ಏಳುತ್ತದೆ. ಸೂಜಿಯೂ ಹಾಗೇ ಪಳಗುತ್ತದೆ! ಕವರಿನ ಸೂಜಿ ಜನರ ಕಣ್ಣಿಗೆ. ಪಳಗಿದ ಸೂಜಿ ಪೆಟ್ಟಿಗೆಯಲ್ಲಿ. ಶನಿವಾರ ಒಯ್ಯುವುದು ಸಾಣೆ ಹಿಡಿಸಲು!

ಅಜ್ಜಿ ನಂಟರ ಮದುವೆಗೆಂದು ಹೊರಟ ಗುರುವಾರ ಮಧ್ಯಾಹ್ನ ದಾಕ್ಷಾಯಿಣಿ ಅಂಗಡಿ ತೆರೆದಳು. ಪೆಟ್ಟಿಗೆಯನ್ನು ಬೋರಲು ಹಾಕಿ ಅಲ್ಲಾಡಿಸಿದಳು. ಒಂದು ಸೂಜಿ ತೂತಿನಿಂದ ಈಚೆಗೆ ಬಿತ್ತು. ಬಿಸಿನೀರಿನಲ್ಲಿ ಎರಡು ಸಲ ಅದ್ದಿ, ಒರೆಸಿ, ಯಂತ್ರಕ್ಕೆ ಸಿಕ್ಕಿಸಿ, ತಂಗಿ ಪಾರಿಜಾತಳನ್ನು ಕರೆದಳು. ಹತ್ತೊಂಬತ್ತರ ಪಾರಿ ದಿನವೂ ಅಕ್ಕನಿಗೆ ಊಟದ ಡಬ್ಬಿ ತರುತ್ತಿದ್ದವಳು. ಮುಂಗೈ ಮೇಲೆ ನವಿಲು ಬೇಕೆಂದು ವರ್ಷದಿಂದ ಕಾಡುತ್ತಿದ್ದವಳು. ಕುಣಿಯುತ್ತಲೇ ಬಂದು ಕೂತು ಕೈ ಚಾಚಿದಳು.

"ಕವರ್ ಎಲ್ಲಕ್ಕ? ಕೊಡು, ಹರೀತೀನಿ."

"ಕವರ್ ಇಲ್ಲ ಕಣೇ. ಇದು ಬೇರೆ ಸೂಜಿ. ವಿಶೇಷ."

"ಅಜ್ಜಿ ಎಲ್ಲರ ಕೈಲೂ ಹರಿಸ್ತಾರೆ. ನಾನು ಮಾತ್ರ ಯಾಕೆ ಹರೀಬಾರದು?"

"ನಿನ್ನ ಸ್ವಂತ ಅಕ್ಕ ಕಣೇ ನಾನು. ನನ್ನ ಮೇಲೆ ನಂಬಿಕೆ ಇಲ್ವಾ?"

"ನಿನ್ನ ಮೇಲಿದೆ. ಸೂಜಿ ನನಗೆ ಅಕ್ಕ ಅಲ್ವಲ್ಲ." ಪಾರಿ ಕೈ ಹಿಂದಕ್ಕೆಳೆದುಕೊಂಡಳು. "ಇದು ನನಗಿಂತ ಮುಂಚೆ ಯಾರಿಗೆ ಚುಚ್ಚಿತ್ತು?"

ದಾಕ್ಷಾಯಿಣಿ ಯಂತ್ರವನ್ನು ಬೆಳಕಿಗೆ ಹಿಡಿದು ಸೂಜಿ ನೋಡಿದಳು. ಯಾರಿಗೆ? ಮೊನ್ನೆ ಬಂದ ಲಾರಿ ಡ್ರೈವರಿಗಾ? ಹೂ ಮಾರುವವಳಿಗಾ? ಇನ್ಯಾರಿಗೋ? ಅವರ ಮೈಯಲ್ಲಿ ಏನಿತ್ತು, ಏನಿರಲಿಲ್ಲ ಎಂದು ಅವಳಿಗೇನು ಗೊತ್ತು? ಅವಳ ಕಣ್ಣು ಸೂಜಿಯ ತುದಿಯಿಂದ ತಂಗಿಯ ಮುಂಗೈಗೆ ಹೋಯಿತು. ಚರ್ಮದಡಿ ಹಸಿರು ನರ ಮೆಲ್ಲಗೆ ಮಿಡಿಯುತ್ತಿತ್ತು. ಅವಳು ಯಂತ್ರ ಕೆಳಗಿಟ್ಟಳು.

ಮರುದಿನ ಅಜ್ಜಿ ಬಂದ ಕೂಡಲೇ ದಾಕ್ಷಾಯಿಣಿ ಎಲ್ಲವನ್ನೂ ಒಪ್ಪಿಕೊಂಡಳು. ಬೈಗುಳ ಬರುತ್ತದೆ, ಕುರ್ಚಿ ಹೋಗುತ್ತದೆ ಎಂದು ತಲೆ ತಗ್ಗಿಸಿ ನಿಂತಳು. ಅಜ್ಜಿ ಕನ್ನಡಕ ಹಾಕಿಕೊಂಡು ಅವಳ ಎರಡೂ ಕೈ ಹಿಡಿದು, ಹತ್ತು ಬೆರಳನ್ನೂ ಒಂದೊಂದಾಗಿ ತಿರುಗಿಸಿ ನೋಡಿದಳು.

"ನಿನಗೆಲ್ಲೂ ಚುಚ್ಚಲಿಲ್ಲ ತಾನೆ?"

"ಇಲ್ಲ ಅಜ್ಜಿ."

"ಚುಚ್ಚಿದ್ದರೆ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಶನಿವಾರ ನಾನು ಪೆಟ್ಟಿಗೆ ಒಯ್ಯೋದೂ ಅಲ್ಲಿಗೇ. ಬಳಸಿದ ಸೂಜಿ ಇನ್ನೊಬ್ಬರಿಗೆ ತಾಗಬಾರದು ಅಂತ ಅವರೇ ನಾಶ ಮಾಡ್ತಾರೆ. ರಕ್ತದಲ್ಲಿರೋ ಕಾಯಿಲೆ ಕಣ್ಣಿಗೆ ಕಾಣಲ್ಲ ದಾಕ್ಷಿ. ಬಿಸಿನೀರಲ್ಲಿ ಅದ್ದಿದ ಮಾತ್ರಕ್ಕೆ ಓಡಿಹೋಗಲ್ಲ." ಅಜ್ಜಿ ಅವಳ ಕೈ ಬಿಟ್ಟು ಅಂದಳು: "ಕಾವಲಿ ಪಳಗುತ್ತೆ. ಸೂಜಿ ಪಳಗಲ್ಲ."

"ಹಾಗಾದ್ರೆ ನಿಮ್ಮ ಗುಟ್ಟು?"

"ಇನ್ನೂ ಆರು ದಿನ ಇದೆಯಲ್ಲ. ಬೇಕಾದ್ರೆ ಒಂದು ತಿಂಗಳು ಜಾಸ್ತಿ ತಗೋ. ಮೊದಲು ನಿನ್ನ ತಂಗೀನ ಕರಿ."

ಪಾರಿ ಬಂದಳು, ಕವರು ಹರಿದಳು. ಅಜ್ಜಿ ಕೈತೊಳೆದು, ಹೊಸ ಗ್ಲೌಸು ತೊಟ್ಟು, ಒಂದೊಂದು ಗರಿಯೂ ಕಾಣುವ ನವಿಲನ್ನು ಹಾಕಿದಳು. ಕಣ್ಣೊಂದನ್ನು ಬಿಟ್ಟಳು.

"ಅಯ್ಯೋ ಅಜ್ಜಿ, ಕುರುಡು ನವಿಲು!"

"ತಿಂಗಳು ಬಿಟ್ಟು ಬಾ, ಕಣ್ಣು ಕೊಡ್ತೀನಿ. ಹೊಸ ಹಚ್ಚೆ ಅಂದ್ರೆ ಗಾಯ ಕಣವ್ವ. ಚಂದ ಆಮೇಲೆ. ಕೈ ತೊಳ್ಕೊಳ್ಳದೆ ಮುಟ್ಟಬೇಡ. ದಿನಕ್ಕೆರಡು ಸಲ ಮೆದು ಸೋಪು ಹಾಕಿ ತೊಳಿ. ಒತ್ತಿ ಒರೆಸು, ಉಜ್ಜಬೇಡ. ಈ ಮುಲಾಮು ತೆಳ್ಳಗೆ ಸವರು, ಬೆಣ್ಣೆ ಮೆತ್ತಿದ ಹಾಗೆ ಮೆತ್ತಬೇಡ. ಬಿಸಿಲಿಗೆ ಹಿಡೀಬೇಡ, ಮಾಯುವ ತನಕ ಕೆರೆ ಕಾಲುವೆ ಈಜು ಏನೂ ಇಲ್ಲ. ಕೆಂಪು ಹರಡಿದರೆ, ಕೀವಾದರೆ, ಜ್ವರ ಬಂದರೆ ನನ್ನ ಹತ್ತಿರ ಬರಬೇಡ, ನೆಟ್ಟಗೆ ಡಾಕ್ಟ್ರ ಹತ್ತಿರ ಹೋಗು."

ಮನೆಗೆ ಬಂದರೆ ಅಮ್ಮ ಹರಳೆಣ್ಣೆಯಲ್ಲಿ ಅರಿಸಿನ ಕಲಸಿ ಕಾಯುತ್ತಿದ್ದಳು. "ನಮ್ಮ ಕಾಲದಲ್ಲಿ ಇದನ್ನೇ ಬಳಿದಿದ್ದು. ನಾವೇನು ಬದುಕಿಲ್ವಾ?"

"ನೀನು ಬದುಕಿದ್ದೀಯಮ್ಮ. ನಿನ್ನ ಕೈಮೇಲಿನ ತುಳಸಿಗಿಡ ಬದುಕಿಲ್ಲ," ಅಂದಳು ಪಾರಿ. ಅಮ್ಮ ತನ್ನ ಕೈ ನೋಡಿಕೊಂಡಳು. ಅಲ್ಲೊಂದು ಹಸಿರು ಕಲೆಯಿತ್ತು. ಬಟ್ಟಲನ್ನು ಒಳಗಿಟ್ಟಳು.

ಎಂಟನೆಯ ದಿನ ಹಕ್ಕಳೆ ಎದ್ದು ವಿಪರೀತ ನವೆ. ಕೆರೆಯಲು ಉಗುರು ಎತ್ತಿದ ಪಾರಿ ನವಿಲಿನ ಖಾಲಿ ಕಣ್ಣು ನೋಡಿ ಇಳಿಸಿದಳು. ಗೆಳತಿಯರು ಕಾಲುವೆಗೆ ಈಜಲು ಕರೆದರೆ, "ನಮ್ಮ ನವಿಲಿಗಿನ್ನೂ ಕಣ್ಣು ಬಂದಿಲ್ಲ, ನೀವು ಹೋಗಿ" ಅಂದಳು. ಕಾಲೇಜಿಗೆ ಹೋಗುವಾಗ ಸಡಿಲ ತೋಳಿನ ಅಂಗಿ. ದಿನವೂ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಕೈ ಹಿಡಿದು ನವಿಲನ್ನು ವಿಚಾರಿಸಿಕೊಳ್ಳುವುದು. ಒಮ್ಮೆಯೂ ನೆನಪಿಸಬೇಕಾಗಲಿಲ್ಲ. ದಾಕ್ಷಾಯಿಣಿ ಇದನ್ನೆಲ್ಲ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಮುಖದಲ್ಲಿ ನಗು ಮೂಡತೊಡಗಿತು.

ತಿಂಗಳಾದ ಮೇಲೆ ಅಜ್ಜಿ ಪಾರಿಯ ಕೈಯನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು. ಒಂದು ಗರಿಯೂ ಇನ್ನೊಂದಕ್ಕೆ ಅಂಟಿರಲಿಲ್ಲ. "ಈಗ ಹೇಳು ದಾಕ್ಷಿ, ಗುಟ್ಟೇನು?"

"ಗೆರೆ ಎಳೆಯೋದು ನೀವು ಅಜ್ಜಿ, ಉಳಿಸೋದು ಅವರು. ಮುಗೀತು ಅಂತ ಕಳಿಸಿದರೆ ಬೀದಿ ದಾಟೋದರೊಳಗೆ ನಿಮ್ಮ ಮಾತು ಮರೀತಾರೆ. ಒಂದು ಚುಕ್ಕೆ ಬಾಕಿ ಇದ್ದರೆ ತಿಂಗಳಿಡೀ ಅದನ್ನೇ ಕಾಯ್ತಾರೆ. ನಿಮಗೆ ಮರೆವು ಅಂದ್ಕೊಂಡಿದ್ದೆ ನಾನು."

"ಮರೆವು ನನಗಲ್ಲ, ಅವರಿಗೆ," ಎಂದು ಅಜ್ಜಿ ಕುರ್ಚಿಯಿಂದ ಎದ್ದಳು. "ಕೂತ್ಕೋ."

ದಾಕ್ಷಾಯಿಣಿ ಕೂರಲಿಲ್ಲ. ಮೊದಲು ಹೋಗಿ ಕೈ ತೊಳೆದುಕೊಂಡು ಬಂದಳು. ಪಾರಿ ಬೀದಿಗೆಲ್ಲ ಕೇಳುವ ಹಾಗೆ ಪರ್ರೆಂದು ಕವರು ಹರಿದಳು. ನವಿಲಿಗೆ ಕಣ್ಣು ಬಂತು. ಸೂಜಿ ಟಿಣ್ಣೆಂದು ಪೆಟ್ಟಿಗೆಗೆ ಬಿತ್ತು.

"ಅಂತೂ ಮುಗೀತು!" ಎಂದು ಪಾರಿ ಎದ್ದಳು.

"ಎಲ್ಲಿ ಮುಗೀತು?" ಅಂದಳು ಕುರ್ಚಿಯ ಹೊಸ ಒಡತಿ. "ಚುಕ್ಕೆಯೂ ಗಾಯವೇ. ಮನೆಗೆ ಹೋಗಿ ತೊಳಿ."

ನೀತಿ: ಚುಚ್ಚುವ ಕೈ ಎಷ್ಟೇ ಪ್ರೀತಿಯದಾಗಿರಲಿ, ಸೂಜಿ ಹೊಸದೇ ಎಂದು ಕೇಳಿ, ನಿಮ್ಮ ಕಣ್ಣೆದುರೇ ಕವರು ಹರಿಸಿ. ಹಾಗೆ ಕೇಳಿದರೆ ಯಾರಿಗೂ ಅವಮಾನವಾಗುವುದಿಲ್ಲ. ಹಚ್ಚೆಯ ಅರ್ಧ ಕೆಲಸ ಹಾಕುವವರದು. ಮಿಕ್ಕರ್ಧ, ಮನೆಗೆ ಬಂದ ಮೇಲೆ ಅದನ್ನು ತಾಳ್ಮೆಯಿಂದ ಕಾಯುವವರದು.