ಹಗೇವಿನ ಬಾಯಿ

“ಗುರುಗಳೇ, ಜೊತೆಯಲ್ಲೇ ಇರುವವನ ಮೇಲೆ ಅನುಮಾನ ಬಂದರೆ, ಅವನಿಗೆ ಗೊತ್ತಾಗದಂತೆ ಒಮ್ಮೆ ನೋಡಿಬಿಡುವುದರಲ್ಲಿ ತಪ್ಪೇನು? ಅವನು ಒಳ್ಳೆಯವನಾಗಿದ್ದರೆ ಅನುಮಾನ ಅಲ್ಲಿಗೇ ಹೋಗುತ್ತದೆಯಲ್ಲ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೊಬ್ಬ ತಮ್ಮ. ಇಬ್ಬರದೂ ಒಂದೇ ಒಲೆ, ಒಂದೇ ಜೋಡಿ ಎತ್ತು. ಸುಗ್ಗಿ ಮುಗಿದ ಮೇಲೆ ಬೇಸಿಗೆಗೆ ಸಾಕಾಗುವಷ್ಟು ರಾಗಿಯನ್ನು ಮನೆಯೊಳಗೆ ಇಟ್ಟುಕೊಂಡು, ಉಳಿದದ್ದನ್ನು ಹಿತ್ತಿಲ ಹಗೇವಿಗೆ ತುಂಬುವುದು ಆ ಮನೆಯ ಪದ್ಧತಿ. ಹಗೇವೆಂದರೆ ನೆಲದೊಳಗಿನ ಕಣಜ. ಅದರ ಬಾಯಿಗೆ ಹುಲ್ಲು ತುರುಕಿ, ಚಪ್ಪಡಿ ಎಳೆದು, ಸುತ್ತ ಮಣ್ಣು ಮೆತ್ತಿದರೆ ಮುಗಿಯಿತು. ಮಳೆಗಾಲದಲ್ಲಿ ಮನೆಯ ಕಾಳು ತೀರುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ. ಗಾಳಿ, ನೀರು ಸೋಕದಿದ್ದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ.

ಆ ವರ್ಷ ತಮ್ಮನ ಹೆಂಡತಿಯ ತವರಿನಲ್ಲಿ ಬೆಳೆ ಕೈಕೊಟ್ಟಿತು. ಯುಗಾದಿ ಕಳೆದ ಮೇಲೆ ತಮ್ಮ ಗಾಡಿ ಕಟ್ಟಿಕೊಂಡು ಮಾವನ ಮನೆಗೆ ಹೋಗಿಬಂದ. ಗಾಡಿಯಲ್ಲಿ ಕಂಡದ್ದು ಹುಲ್ಲು. ಹುಲ್ಲಿನ ಕೆಳಗೆ ಏನಿತ್ತು? ಅಣ್ಣನ ತಲೆಗೆ ಹುಳ ಹೊಕ್ಕಿತು.

ತಮ್ಮ ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋದ ಹೊತ್ತು ನೋಡಿ ಅಣ್ಣ ಹಗೇವಿನ ಬಾಯಿ ತೆಗೆದ. ರಾಗಿ ತುಸು ಕೆಳಗಿಳಿದಂತೆ ಕಂಡಿತು. ತುಂಬಿದ ಕಾಳು ಬರಬರುತ್ತ ತಾನಾಗಿ ಕೂರುತ್ತದೆಂದು ಅವನಿಗೆ ತಿಳಿಯದ್ದೇನಲ್ಲ. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವಸರದಲ್ಲಿ ಮತ್ತೆ ಮುಚ್ಚಿ, ಒಂದಿಷ್ಟು ಮಣ್ಣು ಬಳಿದು ಒಳಗೆ ಬಂದ.

ಕೆಲವು ದಿನ ಬಿಟ್ಟು ನೋಡಿದರೆ ಚಪ್ಪಡಿಯ ಸುತ್ತ ಹಸಿ ಮಣ್ಣು! ತಾನು ಬಳಿದದ್ದು ಇಷ್ಟು ನಯವಾಗಿರಲಿಲ್ಲ. ಕಳ್ಳ ಸಿಕ್ಕಿದನೆಂದು ಸಿಟ್ಟು ಬಂತು. ಎತ್ತಿ ಆಡಿಸಿದ ತಮ್ಮನಲ್ಲವೇ ಎಂದು ಅಳುವೂ ಬಂತು. ಆದರೆ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಅವನು ಎಚ್ಚೆತ್ತುಕೊಂಡಾನು ಎಂದು ಇನ್ನೊಮ್ಮೆ ತೆಗೆದು ನೋಡಿದ, ಮುಚ್ಚಿದ. ಮತ್ತೆ ಹಸಿ ಮಣ್ಣು ಕಂಡಿತು. ಮತ್ತೆ ತೆಗೆದ. ಉಂಡ ಮುದ್ದೆ ಮೈಗೆ ಹತ್ತಲಿಲ್ಲ. ತಮ್ಮನ ಹೆಂಡತಿ ಬಡಿಸಲು ಬಂದರೆ, ಅವಳ ಕೈಯ ಬಳೆ ಹೊಸದಿರಬಹುದೇ ಎಂದು ನೋಡುತ್ತಿದ್ದ.

ಮುಂಗಾರು ಹಿಡಿಯಿತು. ಮಳೆ ತುಸು ಬಿಡುವು ಕೊಟ್ಟ ಒಂದು ಮಧ್ಯಾಹ್ನ ಅವನಿಗೆ ತಡೆಯಲಾಗಲಿಲ್ಲ, ಆಗಲೂ ತೆಗೆದ. ಆಮೇಲೆ ಬಳಿದ ಮಣ್ಣು ಒಣಗಲು ಬಿಸಿಲೇ ಬರಲಿಲ್ಲ.

ಮನೆಯ ಕಾಳು ತೀರಿತು. ಕಳ್ಳತನ ನಾಲ್ಕು ಜನರ ಎದುರೇ ಬಯಲಾಗಲಿ ಎಂದು ಅಣ್ಣ ನೆರೆಯವರನ್ನು ಕರೆದು ಚಪ್ಪಡಿ ಎಳೆಸಿದ. ಮುಗ್ಗಲು ವಾಸನೆ ಮುಖಕ್ಕೆ ರಾಚಿತು. ರಾಗಿ ಒಂದು ಹಿಡಿಯೂ ಕಡಿಮೆಯಾಗಿರಲಿಲ್ಲ. ಆದರೆ ಅಷ್ಟೂ ಕಪ್ಪಾಗಿ ಹೆಂಟೆಗಟ್ಟಿತ್ತು. ಊಟಕ್ಕೂ ಇಲ್ಲ, ಬಿತ್ತನೆಗೂ ಇಲ್ಲ.

ತಮ್ಮ ಅಲ್ಲೇ ಕುಸಿದು ಕೂತ. “ಅಣ್ಣಾ, ಮಣ್ಣು ಬಿರುಕು ಬಿಟ್ಟಾಗಲೆಲ್ಲ ನಾನೇ ಮೆತ್ತುತ್ತಿದ್ದೆ. ಬಿಸಿಲಿಗೆ ಬಿರೀತಿದೆ ಅಂದ್ಕೊಂಡೆ. ಇನ್ನೂ ಗಟ್ಟಿಯಾಗಿ ಮೆತ್ತಬೇಕಾಗಿತ್ತು. ನನ್ನದೇ ತಪ್ಪು, ಅಣ್ಣಾ” ಎಂದ.

ನೆರೆಯವರು ಅಣ್ಣನ ಮುಖ ನೋಡಿದರು. ಅವನು ನೆಲ ನೋಡುತ್ತಿದ್ದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

“ಪಾಪ” ಎಂದ ಶಿಷ್ಯ. “ತಮ್ಮನಿಗೆ ಕೊನೆಗಾದರೂ ನಿಜ ಗೊತ್ತಾಯಿತೇ?”

ಗುರುಗಳು ಅವನನ್ನೇ ನೋಡುತ್ತ ಹೇಳಿದರು: “ನಿನ್ನ ಪಕ್ಕದಲ್ಲಿ ಮಲಗುವ ಜೊತೆಗಾರ ಇಂದು ಬೆಳಿಗ್ಗೆ ನನ್ನ ಬಳಿ ಬಂದು, ತನ್ನ ಬಟ್ಟೆಗಂಟು ಎಷ್ಟು ಬಿಗಿದು ಕಟ್ಟಿದರೂ ಬಿಚ್ಚಿಕೊಂಡಿರುತ್ತದೆ, ಗಟ್ಟಿಯಾಗಿ ಕಟ್ಟುವುದನ್ನು ಕಲಿಸಿಕೊಡಿ ಎಂದು ಕೇಳಿದ.”