ಸೋಪಿನ ಪುಡಿಯೂ ಹೊಸ ಮೆಷಿನ್ನೂ

ನೀಲವ್ವನ ಮನೆಗೆ ಮುಂದುಗಡೆ ಬಾಗಿಲಿರುವ ಹೊಸ ವಾಷಿಂಗ್ ಮೆಷಿನ್ ಬಂದಿತು. ಕೈಯಲ್ಲಿ ಬಟ್ಟೆ ಒಗೆಯಲು ತಂದಿದ್ದ ಸೋಪಿನ ಪುಡಿ ಅದನ್ನು ಕಂಡು ಹಿಗ್ಗಿತು.

"ತಂಗೀ, ನನ್ನ ನೊರೆಯನ್ನೆಲ್ಲ ನಿನಗೇ ಕೊಡುತ್ತೇನೆ."

"ಬೇಡ ಅಕ್ಕಾ," ಎಂದಿತು ಮೆಷಿನ್. "ನನ್ನೊಳಗೆ ನೀರು ಕಡಿಮೆ. ನೊರೆ ಹೆಚ್ಚಾದರೆ ಉಸಿರು ಕಟ್ಟುತ್ತದೆ. ನನಗೆಂದೇ ನೊರೆ ಕಡಿಮೆ ಬರುವ ಪುಡಿ ಸಿಗುತ್ತದೆ."

"ಅಕ್ಕ ನಾನಿರುವಾಗ ಬೇರೆಯವರೇಕೆ?" ಎಂದು ಪುಡಿ ನಕ್ಕಿತು.

ಏನೂ ತಿಳಿಯದ ನೀಲವ್ವ ದಿನವೂ ಎರಡು ಹಿಡಿ ಸುರಿದಳು. ಮೆಷಿನ್ ನರಳಿತು. ಅದು ಹಾಡುತ್ತಿದೆ ಎಂದುಕೊಂಡ ಪುಡಿ ಇನ್ನಷ್ಟು ಉಕ್ಕಿತು. ಒಂದು ಬೆಳಿಗ್ಗೆ ಬಾಗಿಲ ಸಂದಿಯಿಂದ ನೊರೆ ಹರಿದು, ಮೆಷಿನ್ ನಿಂತೇಹೋಯಿತು.

"ಇದು ಇನ್ನು ನಡೆಯೋದಿಲ್ಲ ಅಮ್ಮಾ," ಎಂದು ರಿಪೇರಿಯವನು ಅದನ್ನು ಸಾಗಿಸಿದ.

"ಅವಳು ಹಾಡುತ್ತಿರಲಿಲ್ಲ," ಎಂದು ಪುಡಿ ಬಿಕ್ಕಿತು.

ಮರುದಿನ ನೀಲವ್ವ ಬಕೆಟ್ಟಿನಲ್ಲಿ ಅದೇ ಪುಡಿ ಹಾಕಿ ಬಟ್ಟೆ ನೆನೆಸಿದಳು. ಎಷ್ಟು ಕಲಕಿದರೂ ನೊರೆ ಏಳಲಿಲ್ಲ.